ನಾಯ್ಸ್ ರಾಕ್ ಬ್ಯಾಂಡ್ ಮೊದಲ ಸಲ ಕೇಳೋಕೆ ಹೊರಟವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರೋ ಗೆಳೆಯರು ಕರೆದಿದ್ದಾರೆ. ಟಿಕೆಟ್ ಕೈಯಲ್ಲಿದೆ. ಬ್ಯಾಂಡ್ ಹೆಸರು ಹುಡುಕಿದರೆ ಮೊದಲ ವಿಡಿಯೋದಲ್ಲೇ ಒಬ್ಬ ಗಿಟಾರ್ ತಂತಿಯೊಳಗೆ ಸ್ಕ್ರೂಡ್ರೈವರ್ ತೂರಿಸುತ್ತಿದ್ದಾನೆ. ಆಗ ಏಳುವ ಪ್ರಶ್ನೆಗಳು ಇವು. ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಅರ್ಧದಷ್ಟನ್ನು ನಾನೇ ಒಂದು ಕಾಲದಲ್ಲಿ ಬೇರೆಯವರ ತಲೆ ತಿಂದು ಕೇಳಿದ್ದು.

ಅವಸರ ಇದ್ದವರು ಕಿವಿಯ ಬಗ್ಗೆ ಇರುವ ಎರಡು ಪ್ರಶ್ನೆ ಓದಿ ಹೊರಡಿ. ಉಳಿದದ್ದನ್ನು ವಾಪಸ್ ಬಂದ ಮೇಲೆ ಓದಿದರೆ ಇನ್ನೂ ಒಳ್ಳೆಯದು. ಯಾಕೆ ಅಂತ ಕೆಳಗೆ ಬರುತ್ತದೆ.

ಇದು ಸಂಗೀತನಾ, ಬರೀ ಗಲಾಟೆನಾ?

ಎರಡೂ. ತಮಾಷೆಗೆ ಹೇಳುತ್ತಿಲ್ಲ. ಯಾವ ವಾದ್ಯದಲ್ಲೂ ಸ್ವರದ ಜೊತೆ ಒಂದಿಷ್ಟು ಗಲಾಟೆ ಇದ್ದೇ ಇರುತ್ತದೆ. ಪಿಟೀಲಿನ ಕಮಾನು ತಂತಿಗೆ ಉಜ್ಜುವ ಸದ್ದು, ಕೊಳಲಿನಲ್ಲಿ ಸ್ವರಕ್ಕಿಂತ ಮುಂಚೆ ಬರುವ ಉಸಿರು, ಗಿಟಾರ್ ತಂತಿಯ ಮೇಲೆ ಬೆರಳು ಜಾರಿದಾಗ ಬರುವ ಕಿರ್ರ್. ಸಾಮಾನ್ಯವಾಗಿ ಇದನ್ನು ಆದಷ್ಟು ಕಡಿಮೆ ಮಾಡುತ್ತಾರೆ, ರೆಕಾರ್ಡಿಂಗ್‌ನಲ್ಲಾದರೆ ಒರೆಸಿಯೇ ಹಾಕುತ್ತಾರೆ. ನಾಯ್ಸ್ ರಾಕ್‌ನವರು ಹಾಗೆ ಒರೆಸಿ ಹಾಕಿದ್ದನ್ನು ಎತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ.

ತಂಬೂರಿಯಲ್ಲಿ ಇದು ಎಂದಿನಿಂದಲೂ ಇದೆ. ತಂತಿಗೂ ಕುದುರೆಗೂ (ತಂತಿಯನ್ನು ಎತ್ತಿ ಹಿಡಿಯುವ ತುಂಡು) ನಡುವೆ ಒಂದೆಳೆ ದಾರ ಸಿಕ್ಕಿಸಿ, ಬೇಕಂತಲೇ ಅದು ಜುಂಯ್ ಅನ್ನುವ ಹಾಗೆ ಮಾಡುತ್ತಾರೆ. ಆ ದಾರ ಎಳೆದು ಹಾಕಿದರೆ ತಂಬೂರಿ ಸಪ್ಪೆ. ಸಂಗೀತ ಹೌದಾ ಅಲ್ವಾ ಅನ್ನುವ ವಾದಕ್ಕೆ ಇಳಿದರೆ ರಾತ್ರಿ ಅದರಲ್ಲೇ ಕಳೆಯುತ್ತದೆ. ಅಷ್ಟರಲ್ಲಿ ಬ್ಯಾಂಡ್ ನುಡಿಸಿ, ವೈರ್ ಸುತ್ತಿಕೊಂಡು ಮನೆಗೆ ಹೋಗಿರುತ್ತದೆ.

ಮೆಟಲ್‌ಗೂ ಪಂಕ್‌ಗೂ ಇದಕ್ಕೂ ಏನು ವ್ಯತ್ಯಾಸ?

ಮೆಟಲ್ ಎಷ್ಟೇ ಜೋರಾಗಿದ್ದರೂ ಅಚ್ಚುಕಟ್ಟು. ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ, ಒಟ್ಟಿಗೆ ಶುರು ಮಾಡುತ್ತಾರೆ. ಪಂಕ್ ಚುಟುಕು, ಎರಡು ಮೂರು ನಿಮಿಷದಲ್ಲಿ ಮಾತು ಮುಗಿಯಿತು. ನಾಯ್ಸ್ ರಾಕ್‌ನಲ್ಲಿ ಪಂಕ್‌ನ ಒರಟುತನ ಇದೆ. ಆದರೆ ಹಾಡು ಎಲ್ಲಿ ಮುಗಿಯಿತು, ಬರೀ ಸದ್ದು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯೋಕೆ ಆಗುವುದಿಲ್ಲ. ಪೋಸ್ಟರ್ ಮೇಲೆ ‘ಎಕ್ಸ್‌ಪೆರಿಮೆಂಟಲ್’ ಅಂತ ಬೇರೆ ಬರೆದಿದ್ದರೆ ಅದನ್ನು ಎಚ್ಚರಿಕೆ ಅಂತಲೇ ಓದಿಕೊಳ್ಳಿ: ಪಲ್ಲವಿ ವಾಪಸ್ ಬರುತ್ತದೆ ಅಂತ ಕಾಯಬೇಡಿ.

ಹೋಗುವ ಮುಂಚೆ ಅವರ ಆಲ್ಬಮ್ ಕೇಳಿಕೊಂಡು ಹೋಗಬೇಕಾ?

ಬೇಡ. ಬೇರೆಯವರು ಇದಕ್ಕೆ ಉಲ್ಟಾ ಹೇಳುತ್ತಾರೆ, ಕೇಳಿಸಿಕೊಂಡು ಸುಮ್ನಿರಿ.

ಬೇರೆ ಬ್ಯಾಂಡ್‌ಗಾದರೆ ಹಾಡು ಗೊತ್ತಿದ್ದರೆ ಮಜಾ. ಜೊತೆಗೆ ಹಾಡಬಹುದು, ಗಿಟಾರ್ ಸೋಲೊ ಬರುವ ಮುಂಚೆಯೇ ಕೈ ಎತ್ತಬಹುದು. ಇಲ್ಲಿ ಜೊತೆಗೆ ಹಾಡುವುದಕ್ಕೆ ಏನೂ ಇರುವುದಿಲ್ಲ. ಇಲ್ಲಿ ಇರುವುದು ಮುಂದೇನು ಅಂತ ಗೊತ್ತಿಲ್ಲದ ಆ ಕಕ್ಕಾಬಿಕ್ಕಿ ಸ್ಥಿತಿ. ಅದು ಒಂದೇ ಸಲ ಸಿಗುವಂಥದ್ದು. ನಾನು ಮೊದಲ ಸಲ ಕೇಳಿದ ನಾಯ್ಸ್ ರಾಕ್ ಬ್ಯಾಂಡನ್ನೇ ಆಮೇಲೆ ಮೂರು ಸಲ ನೋಡಿದ್ದೇನೆ, ಮೂರು ಸಲವೂ ಇಷ್ಟವಾಯಿತು, ಆದರೆ ಒಂದು ಸಲವೂ ಹೆದರಿಕೆ ಆಗಲಿಲ್ಲ. ಮೊದಲ ಸಲ ನಿಜಕ್ಕೂ ಹೆದರಿದ್ದೆ. ಏನೋ ಕೆಟ್ಟುಹೋಗಿದೆ, ಯಾರಾದರೂ ಮೇನ್ ಸ್ವಿಚ್ ಆಫ್ ಮಾಡಬಾರದಾ ಅಂತ ಸುತ್ತ ನೋಡಿದ್ದೆ. ಪಕ್ಕದಲ್ಲಿದ್ದವರು ಕಣ್ಣು ಮುಚ್ಚಿಕೊಂಡು ಆರಾಮಾಗಿ ತಲೆ ಆಡಿಸುತ್ತಿದ್ದರು.

ಹಾಗಾಗಿ ಕಿವಿಗೆ ತಯಾರಿ ಮಾಡಿಕೊಳ್ಳಿ, ತಲೆಗೆ ಬೇಡ. ಎಷ್ಟು ಹೊತ್ತಿನ ಶೋ, ನಿಲ್ಲಬೇಕಾ ಕೂರಬೇಕಾ, ಹೊರಗೆ ಹೋಗುವ ಬಾಗಿಲು ಎಲ್ಲಿದೆ. ಇಷ್ಟು ಗೊತ್ತಿದ್ದರೆ ಸಾಕು.

ಗಿಟಾರ್ ಬಾರಿಸದೇ ಇದ್ದರೂ ಕೀಂ ಅನ್ನುತ್ತದಲ್ಲ, ಅದು ಹೇಗೆ?

ಇದು ಫೀಡ್‌ಬ್ಯಾಕ್. ಮೈಕನ್ನು ಸ್ಪೀಕರ್ ಹತ್ತಿರ ತಂದಾಗ ಅದು ಕೂಗಿಕೊಳ್ಳುತ್ತದಲ್ಲ, ಅದರ ಅಣ್ಣ.

ಎಲೆಕ್ಟ್ರಿಕ್ ಗಿಟಾರ್‌ನ ತಂತಿಗಳ ಕೆಳಗೆ ಪಿಕಪ್ ಅಂತ ಇರುತ್ತದೆ. ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ನಡುಗಿದರೆ ಆ ಸುರುಳಿಯಲ್ಲಿ ಒಂಚೂರು ಕರೆಂಟ್ ಹುಟ್ಟುತ್ತದೆ. ಆಂಪ್, ಅಂದರೆ ಆಂಪ್ಲಿಫೈಯರ್, ಅದನ್ನು ದೊಡ್ಡದು ಮಾಡಿ ಸ್ಪೀಕರ್‌ಗೆ ಕೊಡುತ್ತದೆ. ವಾಲ್ಯೂಮ್ ಸಾಕಷ್ಟು ಇದ್ದರೆ ಸ್ಪೀಕರ್ ತಳ್ಳಿದ ಗಾಳಿ ವಾಪಸ್ ಬಂದು ಅದೇ ತಂತಿಯನ್ನು ಮತ್ತೆ ನಡುಗಿಸುತ್ತದೆ. ತಂತಿ ನಡುಗಿತು, ಆಂಪ್ ಕೂಗಿತು, ಕೂಗಿದ್ದಕ್ಕೆ ತಂತಿ ಮತ್ತೆ ನಡುಗಿತು. ಕೈ ಹಾಕುವವರೇ ಬೇಕಿಲ್ಲ.

ಯಾವ ಸ್ವರ ಕೂಗುತ್ತದೆ ಅನ್ನುವುದು ತಂತಿ, ಕೋಣೆ, ಗಿಟಾರ್‌ಗೂ ಆಂಪ್‌ಗೂ ಇರುವ ದೂರ ಎಲ್ಲದರ ಮೇಲೆ ನಿಂತಿದೆ. ಇದನ್ನು ನಾನು ನಂಬಿದ್ದು ಕಣ್ಣಾರೆ ನೋಡಿದ ಮೇಲೆ. ಆ ಮೊದಲ ರಾತ್ರಿ ಗಿಟಾರಿಸ್ಟ್ ಪ್ರೇಕ್ಷಕರಿಗೆ ಬೆನ್ನು ಹಾಕಿ ಆಂಪ್ ಎದುರು ನಿಂತಿದ್ದರು. ಏನು ಸೊಕ್ಕು ಇವರಿಗೆ ಅಂದುಕೊಂಡೆ. ನಾಲ್ಕೈದು ನಿಮಿಷ ಆದ ಮೇಲೆ ಅವರ ಕಾಲು ಗಮನಿಸಿದೆ. ಎಡಗಾಲನ್ನು ಗೇಣುದ್ದ ಮುಂದೆ ಇಟ್ಟರೆ ಸದ್ದು ಒಮ್ಮೆಲೇ ಮೇಲಕ್ಕೆ ಹಾರುತ್ತಿತ್ತು, ಹಿಂದಕ್ಕೆ ತಂದರೆ ಕೆಳಗಿಳಿದು ಗುಂಯ್‌ಗುಡುತ್ತಿತ್ತು. ಸೊಂಟ ಸ್ವಲ್ಪ ತಿರುಗಿಸಿದರೆ ಎರಡರ ನಡುವೆ ಸಿಕ್ಕಿಕೊಂಡು ತೊದಲುತ್ತಿತ್ತು. ಕೈ ಗಿಟಾರ್ ಮೈಮೇಲೆ ಸುಮ್ಮನೆ ಮಲಗಿತ್ತು. ಮನುಷ್ಯ ಕಾಲಲ್ಲಿ ಗಿಟಾರ್ ನುಡಿಸುತ್ತಿದ್ದ! ಬೆನ್ನು ಹಾಕಿದ್ದು ಸೊಕ್ಕಿಗಲ್ಲ, ಅವರ ವಾದ್ಯ ಆ ಕಡೆ ಇತ್ತು.

ಸದ್ದು ಒಡೆದ ಹಾಗೆ ಬರುತ್ತದೆ. ಸ್ಪೀಕರ್ ಕೆಟ್ಟಿದೆಯಾ?

ಕೆಟ್ಟಿರಲೂಬಹುದು, ಆದರೆ ಸಾಮಾನ್ಯವಾಗಿ ಅದು ಡಿಸ್ಟಾರ್ಶನ್. ಆಂಪ್‌ಗೆ ತಡೆಯುವುದಕ್ಕಿಂತ ಜಾಸ್ತಿ ಸಿಗ್ನಲ್ ಕೊಟ್ಟರೆ ಅಲೆಯ ತಲೆ ಕತ್ತರಿಸಿದ ಹಾಗೆ ಚಪ್ಪಟೆ ಆಗುತ್ತದೆ. ಹಾಗೆ ಕತ್ತರಿಸಿದಾಗ ಮೂಲದಲ್ಲಿ ಇಲ್ಲದ ಹೊಸ ಮೇಲಿನ ಸ್ವರಗಳು ಹುಟ್ಟುತ್ತವೆ. ಎರಡು ಸ್ವರ ಒಟ್ಟಿಗೆ ಹಾಕಿದರೆ ಅವುಗಳ ಮೊತ್ತ, ವ್ಯತ್ಯಾಸ ಎಲ್ಲ ಬೇರೆ ಬೇರೆ ಸ್ವರಗಳಾಗಿ ಎದ್ದು ಬರುತ್ತವೆ. ಅದಕ್ಕೇ ಡಿಸ್ಟಾರ್ಶನ್‌ನಲ್ಲಿ ಎರಡು ಸ್ವರದ ಸರಳ ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಭರ್ಜರಿ ಅನಿಸುತ್ತದೆ, ಆರು ಸ್ವರದ ಕಾರ್ಡ್ ಕಲಸುಮೇಲೋಗರ ಆಗುತ್ತದೆ. ನಾಯ್ಸ್ ರಾಕ್‌ನವರಿಗೆ ಆ ಕಲಸುಮೇಲೋಗರವೇ ಬೇಕು.

ಗಿಟಾರ್ ಶ್ರುತಿಯಲ್ಲೇ ಇಲ್ಲ ಅನಿಸಿತು. ಅವರಿಗೆ ನುಡಿಸೋಕೆ ಬರುತ್ತಾ?

ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಬರದೇ ಇರುವುದು ಇಲ್ಲಿ ಅಂಥ ದೊಡ್ಡ ತೊಂದರೆ ಅಲ್ಲ. ನ್ಯೂಯಾರ್ಕ್‌ನ ಡಿಎನ್‌ಎ ಬ್ಯಾಂಡ್‌ನಲ್ಲಿ ಆರ್ಟೊ ಲಿಂಡ್ಸೆ 12 ತಂತಿಯ ಗಿಟಾರನ್ನು ಶ್ರುತಿ ಮಾಡದೇ ಬಾರಿಸುತ್ತಿದ್ದರು. ಆ ಬ್ಯಾಂಡ್ ಸೇರಿದಾಗ ಇಕುಯೆ ಮೋರಿ ಡ್ರಮ್ಸ್‌ಗೆ ಹೊಸಬರು. ಯಾರೂ ಕಲಿಸದ ಕಾರಣಕ್ಕೇ ಆಕೆಯ ತಾಳ ಬೇರೆ ಯಾರ ಹಾಗೂ ಇಲ್ಲ.

ಇನ್ನು ಕೆಲವರು ಬೇಕಂತಲೇ ಬೇರೆ ಶ್ರುತಿ ಇಟ್ಟಿರುತ್ತಾರೆ. ಎರಡು ತಂತಿಯಲ್ಲಿ ಒಂದು ಸೆಕೆಂಡಿಗೆ 440 ಸಲ, ಇನ್ನೊಂದು 444 ಸಲ ನಡುಗಿದರೆ, ಸದ್ದು ಸೆಕೆಂಡಿಗೆ 4 ಸಲ ಉಬ್ಬಿ ಇಳಿಯುತ್ತದೆ. ವಾಂವ್ ವಾಂವ್ ಅನ್ನುವ ಆ ತೂಗಾಟ ತಪ್ಪಿನಿಂದ ಬಂದಿದ್ದಲ್ಲ, ಅಳೆದು ಇಟ್ಟಿದ್ದು. ಸೋನಿಕ್ ಯೂತ್ ಬ್ಯಾಂಡ್ ಇದರಲ್ಲಿ ಪಳಗಿದ ಕೈ ಆಗಿತ್ತು. ಶುರುವಿನಲ್ಲಿ ಅವರ ಹತ್ತಿರ ಇದ್ದದ್ದು ಅಗ್ಗದ ಗಿಟಾರ್‌ಗಳು, ಮಾಮೂಲಿ ಶ್ರುತಿ ಅದರಲ್ಲಿ ನಿಲ್ಲುತ್ತಲೇ ಇರಲಿಲ್ಲ. ಹಾಗಾಗಿ ನಿಲ್ಲುವ ಶ್ರುತಿ ಯಾವುದೋ ಅದನ್ನೇ ಇಟ್ಟು ಹಾಡು ಕಟ್ಟಿದರು. ಆಮೇಲಾಮೇಲೆ ಒಂದೊಂದು ಹಾಡಿಗೆ ಒಂದೊಂದು ಗಿಟಾರ್ ಆಯಿತು. 1999ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರ ಸಾಮಾನಿನ ಟ್ರಕ್ ಕಳುವಾಯಿತು. ಬೇರೆ ಬ್ಯಾಂಡ್ ಆಗಿದ್ದರೆ ಅಂಗಡಿಗೆ ಹೋಗಿ ಹೊಸದು ತಂದರಾಯಿತು. ಇವರಿಗೆ ಗಿಟಾರ್ ಜೊತೆ ಹಾಡುಗಳೇ ಹೋದ ಹಾಗಾಯಿತು.

ತಂತಿಯ ಕೆಳಗೆ ಡ್ರಮ್ ಕೋಲು ತೂರಿಸುವುದೂ ಹುಚ್ಚಾಟ ಅಲ್ಲ. ಕೋಲು ಎರಡನೇ ಕುದುರೆಯ ಹಾಗೆ ಕೆಲಸ ಮಾಡುತ್ತದೆ. ತಂತಿ ಎರಡು ತುಂಡಾಗಿ, ಒಂದು ಕಡೆ ಬಾರಿಸಿದರೆ ಇನ್ನೊಂದು ಕಡೆಯೂ ಸಣ್ಣಗೆ ದನಿಗೂಡಿಸುತ್ತದೆ. ಗಂಟೆ ಹೊಡೆದಂಥ ಸದ್ದು ಬರುತ್ತದೆ. ಮನೆಯಲ್ಲಿ ಹಳೇ ಗಿಟಾರ್ ಇದ್ದರೆ ಪೆನ್ಸಿಲ್ ಹಾಕಿ ನೋಡಿ.

ಮಾತು ಒಂದೂ ಕೇಳಿಸಲಿಲ್ಲ. ನನ್ನ ಕಿವಿ ಸರಿ ಇಲ್ವಾ?

ಸರಿ ಇದೆ. ಹಾಡುವ ದನಿಯನ್ನು ಇಲ್ಲಿ ಎಷ್ಟೋ ಸಲ ಬೇಕಂತಲೇ ಗಿಟಾರ್‌ನೊಳಗೆ ಹೂತಿಡುತ್ತಾರೆ. ಲೈಟ್ನಿಂಗ್ ಬೋಲ್ಟ್ ಅಂತ ಇಬ್ಬರೇ ಇರುವ ಬ್ಯಾಂಡ್ ಇದೆ, 1994ರಿಂದ ನುಡಿಸುತ್ತಿದ್ದಾರೆ. ಅದರ ಡ್ರಮ್ಮರ್ ಮುಖವಾಡದೊಳಗೆ ಮೈಕ್ ಹೊಲಿದುಕೊಂಡು, ಬಾರಿಸುತ್ತಲೇ ಅರಚುತ್ತಾರೆ. ಪದ ತಿಳಿಯುವ ಪ್ರಶ್ನೆಯೇ ಇಲ್ಲ. ದನಿಯೂ ಅಲ್ಲಿ ಇನ್ನೊಂದು ವಾದ್ಯ.

ಹಾಗಾದರೆ ಯಾವುದಕ್ಕೆ ಕಿವಿ ಕೊಡಬೇಕು?

ಡ್ರಮ್ಸ್‌ಗೆ. ಎಲ್ಲ ಕೈಬಿಟ್ಟಾಗ ಹಿಡಿದುಕೊಳ್ಳೋಕೆ ಸಿಗುವುದು ಅದೊಂದೇ. ಗಿಟಾರ್ ಎಷ್ಟೇ ಕಾಡು ಸುತ್ತಿದರೂ ಬಹಳಷ್ಟು ಬ್ಯಾಂಡ್‌ಗಳಲ್ಲಿ ಡ್ರಮ್ಸ್ ಒಂದೇ ಬಡಿತವನ್ನು ಹಟ ಹಿಡಿದು ಬಡಿಯುತ್ತಿರುತ್ತದೆ. ವೆಲ್ವೆಟ್ ಅಂಡರ್‌ಗ್ರೌಂಡ್ ಬ್ಯಾಂಡ್‌ನ ಡ್ರಮ್ಮರ್ ಮೋರೀನ್ ಟಕರ್ ನಿಂತುಕೊಂಡೇ, ಸಿಂಬಲ್ ಸಹವಾಸಕ್ಕೆ ಹೆಚ್ಚು ಹೋಗದೆ ಹೀಗೇ ಬಾರಿಸುತ್ತಿದ್ದರು. ಬಿಗ್ ಬ್ಲ್ಯಾಕ್ ಬ್ಯಾಂಡ್‌ನವರು ಡ್ರಮ್ಮರ್‌ನನ್ನೇ ಬಿಟ್ಟು ರೋಲ್ಯಾಂಡ್ ಕಂಪನಿಯ ಡ್ರಮ್ ಮಶೀನ್ ಇಟ್ಟುಕೊಂಡಿದ್ದರು. ಆಲ್ಬಮ್ ಮೇಲೆ ಬ್ಯಾಂಡ್ ಸದಸ್ಯರ ಸಾಲಿನಲ್ಲಿ ‘ರೋಲ್ಯಾಂಡ್’ ಅಂತ ಹೆಸರೂ ಹಾಕಿದ್ದರು!

ಡ್ರಮ್ಸ್ ಸಿಕ್ಕಿದ ಮೇಲೆ ಬೇಸ್ ಹುಡುಕಿ. ಅದು ಕಿವಿಗಿಂತ ಮುಂಚೆ ಹೊಟ್ಟೆಗೆ ಸಿಗುತ್ತದೆ. ಆಮೇಲೆ ಗಿಟಾರ್. ಆಗಲೂ ರಾಗ ಹುಡುಕಬೇಡಿ, ಅದು ಒರಟಾಗಿದೆಯಾ ನುಣ್ಣಗಿದೆಯಾ, ದಪ್ಪ ಆಗ್ತಿದೆಯಾ ತೆಳ್ಳಗಾಗ್ತಿದೆಯಾ ಅಂತ ನೋಡಿ. ಬಟ್ಟೆ ಅಂಗಡಿಯಲ್ಲಿ ಬಟ್ಟೆ ಮುಟ್ಟಿ ನೋಡುತ್ತೇವಲ್ಲ, ಹಾಗೆ.

ಕಣ್ಣಿಗೂ ಕೆಲಸ ಕೊಡಿ. ಅವತ್ತು ಬೇಸ್ ಆಂಪ್ ಮೇಲೆ ಯಾರೋ ಅರ್ಧ ಖಾಲಿಯಾದ ನೀರಿನ ಬಾಟಲಿ ಇಟ್ಟಿದ್ದರು. ಒಂದೇ ಸ್ವರ ಹತ್ತು ನಿಮಿಷದಿಂದ ನಡೆದಿತ್ತು. ಬಾಟಲಿ ಒಳಗಿನ ನೀರು ಬೆಳ್ಳಗೆ ಮಂಜಾಗಿ ಕಾಣುತ್ತಿತ್ತು, ಅಷ್ಟು ನಡುಕ. ಅದು ಒಂದೊಂದೇ ಕೂದಲೆಳೆ ಜರುಗುತ್ತಾ ಅಂಚಿನ ಕಡೆ ನಡೆದುಕೊಂಡು ಬಂತು. ಬ್ಯಾಂಡ್‌ನವರು ಯಾರೂ ನೋಡಲಿಲ್ಲ. ನಾನು ಸಂಗೀತ ಪಕ್ಕಕ್ಕಿಟ್ಟು ಬಾಟಲಿಯನ್ನೇ ನೋಡುತ್ತಾ ನಿಂತೆ. ಕೊನೆಗೆ ಬಿತ್ತು. ಬಿದ್ದ ಸದ್ದು ಕೇಳಿಸಲೇ ಇಲ್ಲ.

ಕಿವಿಗೆ ಏನೂ ಆಗಲ್ವಾ?

ಆಗುತ್ತದೆ. ಇದೊಂದರಲ್ಲಿ ತಮಾಷೆ ಇಲ್ಲ.

ಒಳಗಿವಿಯಲ್ಲಿ ಒಂದೊಂದು ಕಡೆ ಸುಮಾರು 15,000 ಕೂದಲಿನಂಥ ಕೋಶಗಳಿವೆ. ಸದ್ದಿನ ನಡುಕವನ್ನು ಮಿದುಳಿಗೆ ತಿಳಿಯುವ ಹಾಗೆ ಮಾಡುವುದು ಅವು. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಡೆಸಿಬಲ್ ಲೆಕ್ಕವೂ ಮೋಸದ್ದು. 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟು ಆಗುತ್ತದೆ, ಕಿವಿಗೆ ಮಾತ್ರ ಒಂಚೂರು ಜೋರಾಯಿತು ಅಷ್ಟೇ ಅನಿಸುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಕೆಲಸದ ಜಾಗಕ್ಕೆ ಹೇಳಿರುವ ಮಿತಿ ದಿನಕ್ಕೆ 8 ಗಂಟೆ, 85 ಡೆಸಿಬಲ್. 3 ಏರಿದಂತೆಲ್ಲ ಸಮಯ ಅರ್ಧ ಆಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, ಹೀಗೆ ಇಳಿಯುತ್ತಾ 100 ಡೆಸಿಬಲ್ ಅಂದರೆ ಬರೀ 15 ನಿಮಿಷ. ಜೋರು ಶೋ 100 ದಾಟುವುದು ಮಾಮೂಲಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಒಂದು ಮಾನದಂಡ ತಂದಿತು. ಸರಾಸರಿ 100 ಡೆಸಿಬಲ್ ದಾಟಬಾರದು, ಕಿವಿ ರಕ್ಷಣೆ ಸಿಗುವಂತಿರಬೇಕು, ಕಿವಿಗೆ ಬಿಡುವು ಕೊಡೋಕೆ ಸದ್ದಿಲ್ಲದ ಜಾಗ ಇರಬೇಕು ಅಂತ ಅದರಲ್ಲಿದೆ. ಎಲ್ಲ ಕಡೆ ಪಾಲಿಸುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ.

ಮೊದಲ ಸಲ ನಾನು ಏನೂ ಹಾಕಿಕೊಂಡಿರಲಿಲ್ಲ. ಬಾಗಿಲಲ್ಲಿ ಒಬ್ಬರು ಇಯರ್‌ಪ್ಲಗ್ ಕೈಗೆ ಕೊಡೋಕೆ ಬಂದರು. ಬೇಡ ಅಂದೆ, ಹುಡುಗಾಟ. ಶುರುವಾದ ಹತ್ತು ನಿಮಿಷಕ್ಕೆ ಸದ್ದು ಕಡಿಮೆಯಾಯಿತು ಅನಿಸಿತು, ಅಭ್ಯಾಸ ಆಯಿತು ಅಂದುಕೊಂಡೆ. ಕಡಿಮೆ ಆಗಿದ್ದು ಸದ್ದಲ್ಲ, ನನ್ನ ಕಿವಿ. ಹೊರಗೆ ಬಂದಾಗ ಗೆಳೆಯನ ಬಾಯಿ ಆಡುವುದು ಕಾಣುತ್ತಿತ್ತು, ದನಿ ದಿಂಬಿನೊಳಗಿಂದ ಬಂದ ಹಾಗಿತ್ತು. ರಾತ್ರಿ ಮಲಗಿದರೆ ಎಡಗಿವಿಯಲ್ಲಿ ಒಂದೇ ಎಳೆ ಕೀ… ಅಂತ. ಮರುದಿನ ಪೂರ್ತಿ ಇತ್ತು. ಮೂರನೇ ದಿನ ಬೆಳಗ್ಗೆ ಹೋಯಿತು. ನನ್ನದು ಹೋಯಿತು, ಎಲ್ಲರದೂ ಹೋಗುವುದಿಲ್ಲ. ಎರಡು ಮೂರು ದಿನ ಆದರೂ ನಿಲ್ಲದಿದ್ದರೆ, ಅಥವಾ ಒಂದು ಕಿವಿ ಇದ್ದಕ್ಕಿದ್ದ ಹಾಗೆ ಮಂದ ಆದರೆ, ಕಾಯಬೇಡಿ, ಕಿವಿ ಡಾಕ್ಟರ ಹತ್ತಿರ ಹೋಗಿ.

ಇಯರ್‌ಪ್ಲಗ್ ಹಾಕಿದರೆ ಮಜಾ ಹೋಗಲ್ವಾ?

ಫೋಮ್ ಪ್ಲಗ್ ಹಾಕಿದರೆ ಮೇಲಿನ ಸ್ವರಗಳು ಜಾಸ್ತಿ ಕಟ್ ಆಗಿ ಎಲ್ಲ ಮಬ್ಬಾಗುತ್ತದೆ, ನಿಜ. ಸಂಗೀತಕ್ಕೆಂದೇ ಮಾಡಿದ ಫಿಲ್ಟರ್ ಪ್ಲಗ್ ಸಿಗುತ್ತವೆ, ಅವು ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಗ್ಗಿಸುತ್ತವೆ. ಅದನ್ನು ಹಾಕಿದ ಮೇಲೆ ನನಗೆ ಮುಂಚೆ ಕೇಳಿಸದಿದ್ದದ್ದೆಲ್ಲ ಕೇಳಿಸಿತು. ಎರಡನೇ ಗಿಟಾರ್ ಇದೆ ಅನ್ನುವುದೇ ಆಗ ಗೊತ್ತಾಗಿದ್ದು. ಬೇಸ್ ಹೇಗೂ ಮೈಗೆ ಬಡಿಯುತ್ತದೆ, ಪ್ಲಗ್ ಅದನ್ನು ತಡೆಯುವುದಿಲ್ಲ.

ಫೋಮೇ ಇದ್ದರೆ ಸರಿಯಾಗಿ ಹಾಕಿ. ಬತ್ತಿ ಹೊಸೆದ ಹಾಗೆ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು, ಒಳಗೆ ತೂರಿಸಿ, ಉಬ್ಬುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹೊರಗೆ ಬಾಲ ಬಿಟ್ಟುಕೊಂಡಿದ್ದರೆ ಹಾಕಿಯೂ ಹಾಕದ ಹಾಗೆ. ಟಿಶ್ಯೂ ಪೇಪರ್, ಹತ್ತಿ ಉಂಡೆ ಪ್ರಯೋಜನ ಇಲ್ಲ.

ಎಲ್ಲಿ ನಿಲ್ಲಬೇಕು?

ಸ್ಪೀಕರ್ ಎದುರು ಬೇಡ. ಸೌಂಡ್ ಎಂಜಿನಿಯರ್ ಮೇಜಿನ ಹತ್ತಿರ ನಿಲ್ಲಿ. ಅವರು ಅಲ್ಲಿ ಕೇಳಿಸುವುದನ್ನೇ ನೋಡಿಕೊಂಡು ಸದ್ದು ಕೂಡಿಸುತ್ತಾರೆ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ತಲೆಗೆ ಹಾಕುವ ದೊಡ್ಡ ಇಯರ್‌ಮಫ್ ಇದ್ದರೆ, ಹಿಂದಿನ ಸಾಲಿನಲ್ಲಿ, ಸ್ವಲ್ಪ ಹೊತ್ತು. ಎಳೆ ಕೂಸಾದರೆ ಬೇಡವೇ ಬೇಡ.

ಒಂದೇ ಸದ್ದನ್ನು ಹದಿನೈದು ನಿಮಿಷ ಎಳೆದರು. ಯಾಕೆ?

ಎರಡನೇ ನಿಮಿಷದಲ್ಲಿ ಬೇಜಾರು. ಐದನೇ ನಿಮಿಷದಲ್ಲಿ ಸಿಟ್ಟು. ಎಂಟನೆಯದರಲ್ಲಿ ಇವರಿಗೆ ತಲೆ ಕೆಟ್ಟಿದೆ ಅನಿಸುತ್ತದೆ. ಅದರ ಆಚೆ ಏನೋ ಆಗುತ್ತದೆ. ಬದಲಾಗದೇ ಇರುವ ಸದ್ದಿನೊಳಗೆ ಕಿವಿ ತಾನಾಗಿಯೇ ಬದಲಾವಣೆ ಹುಡುಕೋಕೆ ಶುರು ಮಾಡುತ್ತದೆ. ಇಲ್ಲದ ರಾಗ ಕೇಳಿಸುತ್ತದೆ, ಯಾರೋ ದೂರದಲ್ಲಿ ಹಾಡಿದ ಹಾಗೆ. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಸದ್ದೇ ಬೇರೆ, ಯಾಕೆಂದರೆ ಕೋಣೆಯ ಗೋಡೆಗಳಿಗೆ ಬಡಿದು ಬಂದ ಅಲೆಗಳು ಒಂದೊಂದು ಜಾಗದಲ್ಲಿ ಒಂದೊಂದು ಥರ ಕೂಡಿಕೊಳ್ಳುತ್ತವೆ. ಪರೀಕ್ಷೆ ಮಾಡಿ, ತಲೆಯನ್ನು ನಿಧಾನಕ್ಕೆ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ.

ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡ್ ಲೈವ್‌ನಲ್ಲಿ ಒಂದು ಹಾಡಿನ ನಡುವಿನ ಒಂದೇ ಕಾರ್ಡನ್ನು ಹಿಗ್ಗಿಸಿ ಹಿಗ್ಗಿಸಿ ಹದಿನೈದು, ಇಪ್ಪತ್ತು ನಿಮಿಷದ ತನಕ ಒಯ್ಯುತ್ತಿತ್ತು. 2008ರಲ್ಲಿ ಮತ್ತೆ ಒಂದಾಗಿ ನುಡಿಸಿದಾಗ ಬಂದವರಿಗೆ ಇಯರ್‌ಪ್ಲಗ್ ಹಂಚಿದ್ದರು. ಮೈಕಲ್ ಗಿರಾ ಅವರ ಸ್ವಾನ್ಸ್ ಬ್ಯಾಂಡ್ 1982ರಿಂದ ಇದೇ ದಾರಿಯಲ್ಲಿದೆ. ನಡುವೆ 1997ರಿಂದ 2010ರ ತನಕ ಇರಲಿಲ್ಲ, ಅಷ್ಟೇ. ಎಲ್ಲ ಬ್ಯಾಂಡ್‌ಗಳೂ ಎಳೆದರೆ ಹೀಗೆ ಆಗುತ್ತದೆ ಅಂತೇನಿಲ್ಲ. ಕೆಲವರು ಬೇರೆ ಏನೂ ತೋಚದೆ ಎಳೆಯುತ್ತಾರೆ. ಅದು ಗೊತ್ತಾಗುತ್ತದೆ: ಡ್ರಮ್ಮರ್ ಮುಖ ನೋಡಿ, ಅವರಿಗೂ ಬೇಜಾರಾಗಿರುತ್ತದೆ.

ಇದೆಲ್ಲ ಎಲ್ಲಿಂದ ಶುರುವಾಯಿತು?

ಉದ್ದ ಕಥೆ, ಓಡಿಸುತ್ತೇನೆ. 1913ರಲ್ಲಿ ಇಟಲಿಯ ಚಿತ್ರಕಾರ ಲುಯಿಜಿ ರುಸ್ಸೊಲೊ, ಯಂತ್ರಗಳ ಈ ಕಾಲದಲ್ಲಿ ಗದ್ದಲವೂ ಸಂಗೀತದ ಸಾಮಾನು ಆಗಬೇಕು ಅಂತ ಬರೆದರು. ಬರೆದು ಸುಮ್ಮನಾಗಲಿಲ್ಲ, ಹಿಡಿ ತಿರುಗಿಸಿದರೆ ಗುಡುಗುವ, ಕೆರೆಯುವ ಪೆಟ್ಟಿಗೆಗಳನ್ನು ಮಾಡಿ ಕಛೇರಿ ಕೂಡ ನಡೆಸಿದರು. ರಾಕ್‌ಗೆ ಇದು ಬಂದಿದ್ದು ಆಮೇಲೆ. ನ್ಯೂಯಾರ್ಕ್‌ನ ವೆಲ್ವೆಟ್ ಅಂಡರ್‌ಗ್ರೌಂಡ್ 1968ರ ಜನವರಿಯಲ್ಲಿ ತಂದ ಎರಡನೇ ಆಲ್ಬಮ್‌ನ ಕೊನೆಯ ಹಾಡು 17 ನಿಮಿಷಕ್ಕೂ ಜಾಸ್ತಿ ಇದೆ, ಒಂದೇ ಟೇಕ್‌ನಲ್ಲಿ ಮುಗಿಸಿದ್ದು, ಒಬ್ಬರನ್ನೊಬ್ಬರು ಮುಳುಗಿಸೋಕೆ ಹೊರಟ ಹಾಗೆ ನುಡಿಸಿದ್ದಾರೆ. ಹತ್ತು ವರ್ಷ ಕಳೆದು ಅದೇ ಊರಲ್ಲಿ ‘ನೋ ವೇವ್’ ಅನ್ನುವ ಬ್ಯಾಂಡ್‌ಗಳ ಗುಂಪು. 1978ರಲ್ಲಿ ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೊ ಆ ಗುಂಪಿನ ನಾಲ್ಕು ಬ್ಯಾಂಡ್‌ಗಳನ್ನು ಒಂದೇ ಆಲ್ಬಮ್‌ಗೆ ಸೇರಿಸಿದರು. ಅಲ್ಲಿಂದ ಗ್ಲೆನ್ ಬ್ರಾಂಕಾ ಹತ್ತಾರು ಗಿಟಾರ್ ಕೂಡಿಸಿ ಸಿಂಫನಿ ಬರೆದರು. ಅವರ ತಂಡದಲ್ಲಿ ನುಡಿಸಿದ ಲೀ ರನಾಲ್ಡೊ, ಥರ್ಸ್ಟನ್ ಮೂರ್ ಇಬ್ಬರೂ ಸೋನಿಕ್ ಯೂತ್‌ನವರು.

ಬರೀ ನ್ಯೂಯಾರ್ಕ್ ಅಂದುಕೊಳ್ಳಬೇಡಿ. ಜಪಾನಿನ ಒಸಾಕಾದ ಬೋರ್‌ಡಮ್ಸ್ 2007ರ ಜುಲೈ 7ರಂದು, ಅಂದರೆ 7-7-07, 77 ಡ್ರಮ್ಮರ್‌ಗಳನ್ನು ಬ್ರೂಕ್ಲಿನ್‌ನಲ್ಲಿ ಸುತ್ತ ಕೂರಿಸಿ ನುಡಿಸಿದರು. ನಾನು ಅಲ್ಲಿರಲಿಲ್ಲ ಅನ್ನುವ ಹೊಟ್ಟೆಕಿಚ್ಚು ಇವತ್ತಿಗೂ ಇದೆ.

ಬರೀ ‘ನಾಯ್ಸ್’ ಅಂತಲೂ ಇದೆಯಂತೆ. ಅದೇನು?

ಅದರಲ್ಲಿ ರಾಕ್ ಇಲ್ಲ. ತಾಳ, ಹಾಡು, ಏನೂ ಇಲ್ಲ. ವೆಲ್ವೆಟ್ ಅಂಡರ್‌ಗ್ರೌಂಡ್‌ನ ಲೂ ರೀಡ್ 1975ರಲ್ಲಿ ಒಂದು ಗಂಟೆಗೂ ಜಾಸ್ತಿ ಬರೀ ಗಿಟಾರ್ ಫೀಡ್‌ಬ್ಯಾಕ್ ಇರುವ ಎರಡು ಎಲ್‌ಪಿ ತಂದರು. ಕೊನೆಯ ಬದಿಯ ಗೆರೆಯನ್ನು ಮುಚ್ಚಿದ ಸುತ್ತು ಮಾಡಿದ್ದರಿಂದ, ನೀವಾಗಿ ಮುಳ್ಳು ಎತ್ತುವ ತನಕ ಮುಗಿಯುವುದೇ ಇಲ್ಲ. ಜಪಾನಿನ ಮಸಾಮಿ ಅಕಿತಾ ‘ಮೆರ್ಜ್‌ಬೌ’ ಹೆಸರಿನಲ್ಲಿ 1979ರಿಂದ ಇದನ್ನೇ ಮಾಡುತ್ತಿದ್ದಾರೆ. 2000ದಲ್ಲಿ ಅವರ ಒಂದು ಪೆಟ್ಟಿಗೆ ಬಂತು, ಒಳಗೆ 50 ಸಿಡಿ. ಮೊದಲ ದಿನವೇ ಅಲ್ಲಿಗೆ ಹೋಗಬೇಡಿ.

ಮಧ್ಯದಲ್ಲಿ ಎದ್ದು ಬಂದರೆ ಬ್ಯಾಂಡ್‌ನವರಿಗೆ ಅವಮಾನ ಆಗುತ್ತಾ?

ಇಲ್ಲ. ಅವರಿಗೆ ಇದು ಅಭ್ಯಾಸ. ಬಾಗಿಲ ಹೊರಗೆ ಹತ್ತು ನಿಮಿಷ ನಿಂತು, ಗೋಡೆಯಾಚೆಯಿಂದ ಬರುವ ಬೇಸ್ ಕೇಳಿ, ಆಮೇಲೆ ಒಳಗೆ ಹೋಗಿ. ಗೋಡೆ ಎಲ್ಲ ಕಿರುಚಾಟವನ್ನೂ ಸೋಸಿ, ಒಳಗಿನ ಲೆಕ್ಕಾಚಾರ ಮಾತ್ರ ಹೊರಗೆ ಬಿಡುತ್ತದೆ. ಒಂದೆರಡು ಸಲ ನನಗೆ ಹಾಡು ಅರ್ಥ ಆಗಿದ್ದೇ ಹಾಗೆ.

ನನಗೆ ಚೂರೂ ಇಷ್ಟ ಆಗಲಿಲ್ಲ. ನನಗೆ ತಿಳುವಳಿಕೆ ಕಡಿಮೆ ಅಂತನಾ?

ಯಾರಾದರೂ ಹಾಗಂದರೆ ಅವರ ಜೊತೆ ಇನ್ನೊಂದು ಶೋಗೆ ಹೋಗಬೇಡಿ. ಈ ಸಂಗೀತದ ಸುತ್ತ ಒಂಥರಾ ಗತ್ತು ಬೆಳೆದಿದೆ, ಇಷ್ಟ ಆಗದವರು ಹಿಂದುಳಿದವರು ಅನ್ನುವ ಹಾಗೆ. ಅರ್ಥ ಆಯಿತು ಅಂತ ಮುಖ ಗಂಭೀರ ಮಾಡಿಕೊಂಡು ನಿಲ್ಲುವವರಿಗಿಂತ, ‘ಅಯ್ಯಪ್ಪಾ, ಸಾಕು’ ಅಂತ ಕಿವಿ ಮುಚ್ಚಿಕೊಂಡವರು ಹೆಚ್ಚು ಸರಿಯಾಗಿ ಕೇಳಿರುತ್ತಾರೆ ಅಂತ ನನ್ನ ಅನಿಸಿಕೆ. ಕಿವಿ ಮುಚ್ಚಿಕೊಳ್ಳೋಕಾದರೂ ಅದು ಅವರನ್ನು ಮುಟ್ಟಿರಬೇಕಲ್ಲ. ಕೆಲವು ಬ್ಯಾಂಡ್‌ಗಳು ನಿಜಕ್ಕೂ ಚೆನ್ನಾಗಿರುವುದಿಲ್ಲ, ಅದೂ ಇದೆ. ಜೋರಾಗಿದೆ ಅನ್ನುವುದು ಒಂದು ಗುಣ ಅಲ್ಲ.

ಇಷ್ಟ ಆಯಿತು. ಮನೆಯಲ್ಲಿ ಎಲ್ಲಿಂದ ಶುರು ಮಾಡಲಿ?

ಸೋನಿಕ್ ಯೂತ್‌ನ 1988ರ ‘ಡೇಡ್ರೀಮ್ ನೇಷನ್’. ಅದರಲ್ಲಿ ಹಾಡು ಹಾಡಾಗಿಯೇ ಇರುತ್ತದೆ, ನಡುನಡುವೆ ಕರಗಿ ಹೋಗಿ ಮತ್ತೆ ಬರುತ್ತದೆ, ಹೊಸಬರಿಗೆ ಕೈ ಹಿಡಿಯೋಕೆ ಜಾಗ ಸಿಗುತ್ತದೆ. ಕುಣಿಯಬೇಕು ಅನಿಸಿದರೆ ಲೈಟ್ನಿಂಗ್ ಬೋಲ್ಟ್. ಸಿಟ್ಟು ಬಂದ ದಿನ ಬಿಗ್ ಬ್ಲ್ಯಾಕ್. ಸ್ವಾನ್ಸ್‌ಗೆ ಎರಡು ಗಂಟೆ ಬಿಡುವು ಮಾಡಿಕೊಂಡು ಕೂರಬೇಕು, 2014ರ ಆಲ್ಬಮ್ ಅಷ್ಟು ಉದ್ದ ಇದೆ.

ಹೆಡ್‌ಫೋನ್‌ನಲ್ಲಿ ವಾಲ್ಯೂಮ್ ಏರಿಸಬೇಡಿ. ಸಣ್ಣ ದನಿಯಲ್ಲಿ ಕೇಳಿದರೂ ಇದು ಕೆಲಸ ಮಾಡುತ್ತದೆ, ಜನ ನಂಬುವುದಿಲ್ಲ. ಬೇರೆ ಏನೋ ಕೆಲಸ ಮಾಡುತ್ತಾ ಮೆಲ್ಲಗೆ ಹಾಕಿಕೊಂಡರೆ ಮಳೆ ಸದ್ದಿನ ಹಾಗೆ ಹಿನ್ನೆಲೆಯಲ್ಲಿ ಇರುತ್ತದೆ. ಇದನ್ನು ಕಟ್ಟಾ ಅಭಿಮಾನಿಗಳ ಎದುರು ಹೇಳಿ ಬೈಸಿಕೊಂಡಿದ್ದೇನೆ.

ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದಾ?

ಮಾಡಬಹುದು, ಏನೂ ಸಿಗುವುದಿಲ್ಲ. ಫೋನ್ ಮೈಕ್ ಮಾತಿಗೆ ಅಂತ ಮಾಡಿದ್ದು. ಅಷ್ಟು ಸದ್ದಿಗೆ ಅದೂ ಚಪ್ಪಟೆ ಆಗಿ, ಜೋರಿಗೂ ಮೆಲ್ಲಗೂ ವ್ಯತ್ಯಾಸ ಇಲ್ಲದ ಒಂದು ಬುಸ್ ಅನ್ನುವ ಸದ್ದು ಉಳಿಯುತ್ತದೆ.

ಆ ಮೊದಲ ರಾತ್ರಿಯ ಒಂದು ವಿಡಿಯೋ ನನಗೆ ಆಮೇಲೆ ಗೆಳೆಯನಿಂದ ಸಿಕ್ಕಿತು. ಮುಂದಿನ ಸಾಲಿನಲ್ಲಿ ನಿಂತು ತೆಗೆದಿದ್ದ, ಬೇಸ್ ಆಂಪ್ ಸ್ಪಷ್ಟ ಕಾಣುತ್ತದೆ. ಬಾಟಲಿ ಅಂಚಿಗೆ ಬರುವುದು, ಒಂದು ಕ್ಷಣ ನಿಲ್ಲುವುದು, ಬೀಳುವುದು ಎಲ್ಲ ಇದೆ. ಆ ಜಾಗವನ್ನು ಐದಾರು ಸಲ ಹಿಂದೆ ಮುಂದೆ ಮಾಡಿ, ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದೆ. ಬಿದ್ದ ಸದ್ದು ಅದರಲ್ಲೂ ಇಲ್ಲ.